ಬಿಳಿ ಮುಚ್ಚಳದ ಡಬ್ಬಿ

ಗುಡೇಮಾರನಹಳ್ಳಿಯ ಸರಸಮ್ಮನ ಮೂಗು ಅಂಥಿಂಥ ಮೂಗಲ್ಲ. ಹಾಲು ಒಡೆಯುತ್ತದೆಯೋ ಇಲ್ಲವೋ ಎಂಬುದು ಒಲೆಯ ಮೇಲಿಡುವ ಮುಂಚೆಯೇ ಅವಳಿಗೆ ತಿಳಿಯುತ್ತಿತ್ತು. ಮಂದೆಯಲ್ಲಿ ಯಾವುದಾದರೂ ಕುರಿಯ ಗಾಯ ಕೀವುಗಟ್ಟಿದರೆ ದೊಡ್ಡಿಯ ಬಾಗಿಲಲ್ಲೇ ನಿಂತು ಹೇಳಿಬಿಡುತ್ತಿದ್ದಳು. ಗಂಡ ಬೀರಲಿಂಗಯ್ಯ, "ಪೊಲೀಸ್ನೋರು ಅಷ್ಟು ಖರ್ಚು ಮಾಡಿ ನಾಯಿ ಯಾಕ್ ಸಾಕ್ತಾರೋ ಕಾಣೆ, ನಿನ್ನ ಕರ್ಕಂಡೋಗಿದ್ರೆ ಆಗೋದು" ಎಂದು ರೇಗಿಸುತ್ತಿದ್ದ.

ಮಳೆ ಹಿಡಿದರೆ ಕುರಿಯ ಗೊರಸಿನ ಸಂದಿಯಲ್ಲಿ ಹುಣ್ಣಾಗುವುದು ಇದ್ದದ್ದೇ. ಕಾಲೂರಲಾರದ ಕುರಿ ಮುಂಗಾಲು ಮಡಚಿ, ಮಂಡಿಯ ಮೇಲೆ ಜರುಗಿಕೊಂಡು ಮೇಯುತ್ತದೆ. ಮಾಗಡಿ ಸೀಮೆಯ ನೆಲವೋ, ಮೇಲೆ ನಾಲ್ಕು ಎಸಳು ಹುಲ್ಲು, ಕೆಳಗೆಲ್ಲ ನೊರಜುಗಲ್ಲು. ಎರಡು ದಿನಕ್ಕೆ ಮಂಡಿ ತರಿದು ಕೆಂಪಗಾಗುತ್ತದೆ, ಮೂರನೆಯ ದಿನ ನೊಣ ಬಂದು ಕೂರುತ್ತದೆ. ಸರಸಮ್ಮನ ಅತ್ತೆಯ ಕಾಲದಿಂದಲೂ ಅದಕ್ಕೆ ಒಂದೇ ಮದ್ದು, ಸೀತಾಫಲದ ಎಲೆ. ಎಲೆ ಜಜ್ಜಿ, ರಸ ಹಿಂಡಿ, ಕುರಿಯ ಕಣ್ಣಿಗೆ ಸೋಕದ ಹಾಗೆ ನೋಡಿಕೊಂಡು ಗಾಯಕ್ಕೆ ಬಿಡುವುದು.

ಆ ಎಲೆಯ ಜಾಡು ಹಿಡಿದುಕೊಂಡು ಮೂರು ಜನ ಅವಳ ಮನೆಗೆ ಬಂದರು. ಮೂವರದೂ ಬೇರೆಬೇರೆ ಓದು, ಸಂಶೋಧನೆ ಮಾತ್ರ ಒಂದೇ. ರಾಮನಗರದ ಕಾಲೇಜಿನ ಅತಿಯಾ ಮೇಡಂ ಗಿಡಗಳ ರಸಾಯನ ಓದಿದವಳು. ಎಲೆಯೊಳಗೆ ಏನಿದೆ ಎಂದು ಹುಡುಕುವುದು ಅವಳ ಪಾಲು. ಚನ್ನಪಟ್ಟಣದಲ್ಲಿ ನರ್ಸಿಂಗ್ ಪಾಠ ಹೇಳುವ ಲತಾಮಣಿಯದು ಆ ಎಲೆ ಗಾಯಕ್ಕೆ ಏನು ಮಾಡುತ್ತದೆ ಎಂದು ಅಳೆಯುವ ಪಾಲು. ಮೂರನೆಯವನು ವಾಣಿಜ್ಯದ ಮೇಷ್ಟ್ರು ಅನಂತರಾಜು, ಅಲ್ಲೇ ತಿಪ್ಪಸಂದ್ರದ ರೈತರ ಮನೆಯ ಹುಡುಗ. ಕನಕಪುರದ ಕಡೆ ಕೋಡಿಹಳ್ಳಿಯಲ್ಲಿ ಹೆಂಗಸರ ಸಂಘವೊಂದು ಇದೇ ಎಲೆಯ ಮುಲಾಮು ಕಾಯಿಸಿ ಮಾರಬೇಕೆಂದು ಹೊರಟಿತ್ತು. ಬ್ಯಾಂಕಿನವರು, "ಇದು ಕೆಲಸ ಮಾಡುತ್ತೆ ಅನ್ನೋದಕ್ಕೆ ಏನು ಆಧಾರ?" ಎಂದು ಕೇಳಿ ಕಳಿಸಿದ್ದರು. ಅಂಥ ಸಂಘಕ್ಕೆ ಬಂಡವಾಳ ಎಲ್ಲಿಂದ ಬರಬೇಕು, ಹಾಕಿದ್ದು ಎಷ್ಟು ತಿಂಗಳಿಗೆ ತಿರುಗುತ್ತದೆ ಎಂಬುದು ಅನಂತರಾಜುವಿನ ಪಾಲು.

"ಕುರಿ ಮಂಡಿ ಊರ್ತು ಅಂದ್ರೆ ಬಂಡವಾಳಾನೂ ಮಂಡಿ ಊರ್ತು ಅಂತ್ಲೇ ಲೆಕ್ಕ, ಬೀರಲಿಂಗಣ್ಣ," ಎಂದ ಅವನು ಮೊದಲ ದಿನವೇ.

"ಅದ್ನ ಹೇಳಾಕೆ ಕಾಲೇಜ್ ಓದ್ಬೇಕಾ ಮೇಷ್ಟ್ರೇ?" ಎಂದ ಬೀರಲಿಂಗಯ್ಯ. ಅನಂತರಾಜು ತಾನೇ ಮೊದಲು ನಕ್ಕ.

ಆ ಮಳೆಗಾಲ ಮಂಡಿ ಗಾಯವಾದ ಇಪ್ಪತ್ತನಾಲ್ಕು ಕುರಿಗಳನ್ನು ಆರಿಸಿದರು. ಹನ್ನೆರಡಕ್ಕೆ ಕೊರಳಿಗೆ ಕೆಂಪು ದಾರ, ಹನ್ನೆರಡಕ್ಕೆ ಬಿಳಿ ದಾರ. ಮುಲಾಮಿನ ಡಬ್ಬಿಗಳಿಗೂ ಹಾಗೆಯೇ ಕೆಂಪು ಮುಚ್ಚಳ, ಬಿಳಿ ಮುಚ್ಚಳ. ಒಳಗೆ ನೋಡಿದರೆ ಎರಡೂ ಒಂದೇ ಹಸಿರು.

"ಕೆಂಪು ದಾರದ ಕುರಿಗೆ ಕೆಂಪು ಮುಚ್ಚಳದ್ದು, ಬಿಳಿ ದಾರಕ್ಕೆ ಬಿಳಿ ಮುಚ್ಚಳದ್ದು. ಅದಲುಬದಲು ಆಗಬಾರದು, ಅಷ್ಟೇ ಅಮ್ಮ," ಎಂದು ಅತಿಯಾ ಹೇಳಿಕೊಟ್ಟಳು. ಎರಡಕ್ಕೂ ಇರುವ ವ್ಯತ್ಯಾಸವೇನೆಂದು ಹೇಳಲಿಲ್ಲ. ಹೇಳಬಾರದೆಂಬುದು ಅವರ ಓದಿನ ಕಟ್ಟಳೆ. ಗೊತ್ತಿದ್ದರೆ ಹಚ್ಚುವವರ ಕೈಯಲ್ಲಿ ಪಕ್ಷಪಾತ ಬಂದೀತೆಂದು.

ಲತಾಮಣಿ ಮೂರು ದಿನಕ್ಕೊಮ್ಮೆ ಬಂದು, ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಗಾಯದ ಮೇಲೆ ಹಿಡಿದು, ಪೆನ್ನಿನಿಂದ ಅದರ ಅಂಚು ಬರೆದುಕೊಳ್ಳುತ್ತಿದ್ದಳು. ಆಮೇಲೆ ಆ ಹಾಳೆಯನ್ನು ಚೌಕುಳಿ ಕಾಗದದ ಮೇಲಿಟ್ಟು ಗಾಯ ಎಷ್ಟು ಮನೆ ಕುಗ್ಗಿತು ಎಂದು ಎಣಿಸುವುದು. ಕುರಿ ಒದ್ದರೆ ಮತ್ತೆ ಮೊದಲಿಂದ. ಒಮ್ಮೆ ಒಂದು ಟಗರು ಅವಳ ಸೀರೆಯ ಮೇಲೆಲ್ಲ ಕೆಸರು ಸಿಡಿಸಿದಾಗಲೂ, "ಇರಪ್ಪ, ಇನ್ನೊಂಚೂರು, ಮುಗೀತು," ಎಂದು ಮಗುವಿಗೆ ಹೇಳಿದ ಹಾಗೆ ಹೇಳುತ್ತ ಗೆರೆ ಮುಗಿಸಿಯೇ ಎದ್ದಳು. ಕುರಿಯ ಮಂಡಿಯನ್ನು ಇಷ್ಟು ಮರ್ಯಾದೆಯಿಂದ ಹಿಡಿದವರನ್ನು ಸರಸಮ್ಮ ನೋಡಿರಲಿಲ್ಲ.

ಆದರೆ ಮುಲಾಮು ಹಚ್ಚತೊಡಗಿದ ಎರಡನೆಯ ದಿನವೇ ಆ ಮೂಗು ತನ್ನ ಕೆಲಸ ಮಾಡಿತ್ತು. ಸರಸಮ್ಮ ಬಿಳಿ ಮುಚ್ಚಳ ತೆಗೆದವಳು ಹಾಗೇ ನಿಂತಳು. ಮೂಸಿದಳು. ಕೆಂಪು ಮುಚ್ಚಳದ್ದನ್ನೂ ಮೂಸಿದಳು. ಕೆಂಪಿನಲ್ಲಿ ಸೀತಾಫಲದ ಎಲೆ ತನ್ನ ಘಾಟು ಬೀರುತ್ತಿತ್ತು. ಬಿಳಿಯದರಲ್ಲಿ ಬರೀ ಕೊಬ್ಬರಿ ಎಣ್ಣೆ, ಜೇನುಮೇಣ, ಮಿಠಾಯಿಗೆ ಹಾಕುವಂಥ ಹಸಿರು ಬಣ್ಣ. ಎಲೆ ಇಲ್ಲವೇ ಇಲ್ಲ.

'ಅಯ್ಯೋ ಪಾಪ,' ಎಂದುಕೊಂಡಳು. 'ಎಷ್ಟು ಡಬ್ಬಿ ತುಂಬವ್ಳೋ ಏನೋ ಒಬ್ಳೇ ಹೆಣ್ಮಗ್ಳು, ಇವುಕ್ಕೆ ಎಲೆ ಹಾಕೋದೇ ಮರ್ತವ್ಳೆ.'

ಹೇಳಿದರೆ ಅತಿಯಾಳ ಮುಖ ಸಣ್ಣದಾಗುತ್ತದೆ. ಅದೂ ಆ ವಾಣಿಜ್ಯದ ಮೇಷ್ಟ್ರ ಮುಂದೆ. ಅವನಂತೂ ಬಾಯಿಗೆ ಬೀಗವಿಲ್ಲದ ಗಂಡು, ವರ್ಷವೆಲ್ಲ ಆಡಿಕೊಂಡಾನು. ಮನೆಗೆ ಬಂದ ಹೆಣ್ಣುಮಕ್ಕಳ ತಪ್ಪನ್ನು ನಾಲ್ಕು ಜನರ ಎದುರು ಎತ್ತಿ ತೋರಿಸುವುದುಂಟೆ? ಬಡಿಸಿದ ಸಾರಿಗೆ ಉಪ್ಪಿಲ್ಲದಿದ್ದರೆ ಬಂದವಳೇ ಸದ್ದಿಲ್ಲದೆ ಒಂದು ಹರಳು ಹಾಕಿ ತಿರುವಿ, ಅಡಿಗೆ ಮಾಡಿದವಳ ಮಾನ ಕಾಯುವ ಜನ ಆ ಊರಿನವರು. ಸರಸಮ್ಮ ಬೇಲಿಯ ಸೀತಾಫಲದ ಗಿಡದಿಂದ ಎಲೆ ತಂದಳು, ಒರಳಿನಲ್ಲಿ ಜಜ್ಜಿದಳು, ಮುಲಾಮನ್ನು ಒಸಿ ಬೆಚ್ಚಗೆ ಮಾಡಿ ರಸ ಬೆರೆಸಿ ಕದಡಿದಳು. ಆರು ಡಬ್ಬಿ ಬಿಳಿ ಮುಚ್ಚಳದ್ದು ಬಂದವು. ಒಂದು ಒಡೆಯದೆ ಉಳಿಯಿತು. ಮಿಕ್ಕ ಐದಕ್ಕೂ ಒಡೆದ ಒಡನೆ ಹಾಗೇ ಮಾಡಿದಳು. ಗಂಡನಿಗೂ ಹೇಳಲಿಲ್ಲ. ಒಂದು ಹುಡುಗಿಯ ಮಾನ ಉಳಿಸಿದೆನಲ್ಲ ಎಂದು ಒಳಗೊಳಗೇ ಹಿಗ್ಗಿದಳು.

ಇಪ್ಪತ್ತೊಂದು ದಿನಕ್ಕೆ ಇಪ್ಪತ್ತನಾಲ್ಕು ಕುರಿಯೂ ಎದ್ದು ಕಾಲೂರಿ ಮೇಯ್ದವು. ಹಾಳೆಗಳನ್ನೆಲ್ಲ ಕಟ್ಟಿಕೊಂಡು ಮೂವರೂ ಹೋದರು.

ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಅತಿಯಾ ಒಬ್ಬಳೇ ಬಸ್ಸಿಳಿದು ಬಂದಳು. ಕಾಫಿ ಕೊಟ್ಟರೆ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಳು.

"ಅಮ್ಮ, ಯೂನಿವರ್ಸಿಟಿಗೆ ಹೇಳೋಕೆ ಮುಂಚೆ ನಿಮಗೆ ಹೇಳಬೇಕು ಅನ್ನಿಸ್ತು. ಕುರಿ ನಿಮ್ಮದು, ಮದ್ದೂ ನಿಮ್ಮದು. ನಮ್ಮ ಪರೀಕ್ಷೇಲಿ ಎಲೆಗೆ ಜಯ ಆಗಲಿಲ್ಲ."

"ಅಂಗಂದ್ರೆ?"

"ಕೆಂಪು ಮುಚ್ಚಳದ್ದರಲ್ಲಿ ಎಲೆ ಇತ್ತು. ಬಿಳಿಯದರಲ್ಲಿ ಬೇಕಂತಲೇ ಎಲೆ ಹಾಕಿರಲಿಲ್ಲ, ಬರೀ ಎಣ್ಣೆ, ಮೇಣ. ಎಲೆ ಹಾಕಿದ್ದಕ್ಕೂ ಹಾಕದ್ದಕ್ಕೂ ಏನು ವ್ಯತ್ಯಾಸ ಅಂತ ನೋಡೋದೇ ಪರೀಕ್ಷೆ. ಎರಡೂ ಕಡೆ ಗಾಯ ಒಂದೇ ಸಮ ಮಾಗಿವೆ. ಅಂದ್ರೆ ಎಲೆಯಿಂದ ಹೆಚ್ಚಿಗೆ ಏನೂ ಆಗಿಲ್ಲ."

ಸರಸಮ್ಮನ ಕಣ್ಣು ಮೂಲೆಯಲ್ಲಿದ್ದ ಒರಳಿನ ಮೇಲೆ ಹೋಯಿತು.

"ಅಲ್ಲಾ ಮೇಡಮ್ಮೋರೆ, ನಮ್ಮವ್ವನ ಕಾಲ್ದಿಂದ ಹಚ್ತಾ ಇದೀವಲ್ಲ," ಎಂದ ಬೀರಲಿಂಗಯ್ಯ.

"ನಾನೂ ಹಾಗೇ ನಂಬಿದ್ದೆ ಅಪ್ಪ. ನಾಲ್ಕು ವರ್ಷ ಈ ಎಲೆ ಹಿಂದೇನೇ ಓಡಾಡಿದೀನಿ. ಆದರೆ ಬಂದದ್ದನ್ನೇ ಬರೀಬೇಕು, ನಂಬಿದ್ದನ್ನಲ್ಲ." ಅತಿಯಾ ನಕ್ಕಳು, ನಗು ಕಣ್ಣಿನವರೆಗೆ ಹೋಗಲಿಲ್ಲ. "ಮುಂದಿನ ತಿಂಗಳು ನನ್ನ ಪಿಎಚ್‌ಡಿ ಪ್ರಬಂಧ ಕೊಟ್ಟುಬಿಡ್ತೀನಿ. ಅನಂತರಾಜು ಸರ್ ಕೂಡ ಕೋಡಿಹಳ್ಳಿ ಸಂಘದವರಿಗೆ ಈ ಮುಲಾಮಿಗೆ ಬಂಡವಾಳ ಹಾಕಬೇಡಿ ಅಂತಲೇ ಬರೀಬೇಕಾಗುತ್ತೆ."

ಅವಳು ಹೋದ ಮೇಲೆ ಸರಸಮ್ಮ ಐದು ದಿನ ಸರಿಯಾಗಿ ಉಣ್ಣಲಿಲ್ಲ. ಹೇಳಿದರೆ, 'ನಂಬಿ ಕೊಟ್ಟರೆ ಈ ಮುದುಕಿ ಕೆಡಿಸಿ ಇಟ್ಟಳು' ಎನ್ನುತ್ತಾರೆ. ಊರಿನಲ್ಲಿ ಮುಖವೆತ್ತಿ ತಿರುಗುವುದು ಹೇಗೆ? ಹೇಳದೆ ಇದ್ದರೆ ಆ ಹುಡುಗಿ ಸುಳ್ಳನ್ನು ನಿಜವೆಂದು ತಿಳಿದು ತನ್ನ ಕೈಯಾರೆ ಬರೆಯುತ್ತಾಳೆ, ಕೋಡಿಹಳ್ಳಿಯ ಹೆಂಗಸರ ಒಲೆ ಹಚ್ಚುವ ಮೊದಲೇ ಆರುತ್ತದೆ. ಬೇಕಂತಲೇ ಮಾಡಿದ್ದಲ್ಲವಲ್ಲ ಎಂದು ಒಂದು ಮನಸ್ಸು ಅಂದರೆ, ಬಾಯಿ ಮುಚ್ಚಿಕೊಂಡು ಕೂರುವುದು ಬೇಕಂತ ಮಾಡುವುದೇ ಅಲ್ಲವೇ ಎಂದು ಇನ್ನೊಂದು ಮನಸ್ಸು ಕೇಳುತ್ತಿತ್ತು.

ಆರನೆಯ ದಿನ, ಗೂಡಿನಲ್ಲಿ ಉಳಿದಿದ್ದ ಬಿಳಿ ಮುಚ್ಚಳದ ಡಬ್ಬಿ ಎರಡನ್ನು ಚೀಲಕ್ಕೆ ಹಾಕಿಕೊಂಡಳು. ಒಂದು ತಾನು ಕಲಸಿ ಅರ್ಧ ಬಳಸಿದ್ದು, ಇನ್ನೊಂದು ಒಡೆಯದ್ದು. ಮಾಗಡಿಗೆ ಹೋಗಿ ರಾಮನಗರದ ಬಸ್ಸು ಹತ್ತಿದಳು.

ಕಾಲೇಜಿನ ಲ್ಯಾಬಿನಲ್ಲಿ ಅತಿಯಾ ಗಾಜಿನ ಸಾಮಾನು ತೊಳೆಯುತ್ತಿದ್ದಳು. ಅನಂತರಾಜು ಕಿಟಕಿಯ ಬಳಿ ಕೂತು ಯಾವುದೋ ಹಾಳೆ ತಿದ್ದುತ್ತಿದ್ದ. ಅವನೂ ಅಲ್ಲೇ ಇದ್ದಾನಲ್ಲ ಎಂದು ಸರಸಮ್ಮನ ಕಾಲು ಹೊಸ್ತಿಲಲ್ಲಿ ತಡೆಯಿತು. ಆದರೂ ಬಂದಾಯಿತು, ಬಸ್ ಚಾರ್ಜೂ ಆಯಿತು.

"ನಾನು ನಿನ್ನ ಕೆಲ್ಸ ಕೆಡಿಸ್ಬುಟ್ಟೆ ಕಣವ್ವ," ಎಂದು ಶುರುಮಾಡಿದವಳು ನಿಂತ ಕಾಲಲ್ಲೇ ಎಲ್ಲ ಹೇಳಿ ಮುಗಿಸಿದಳು. ಮೂಸಿದ್ದು, ಮರೆತಿದ್ದಾಳೆ ಎಂದುಕೊಂಡದ್ದು, ಒರಳಿನಲ್ಲಿ ಜಜ್ಜಿದ್ದು. "ನಿಂಗೆ ನಾಚ್ಕೆ ಆದಾತು ಅಂತ ಹೇಳ್ನಿಲ್ಲ. ಈಗ ನಂಗೇ ನಾಚ್ಕೆ ಆಯ್ತಾ ಐತೆ."

ಅನಂತರಾಜು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಎಸೆದ. "ಅಯ್ಯೋ ಸರಸಮ್ಮಕ್ಕ! ಎಂಟು ತಿಂಗಳ ಕೆಲಸಾನ ಒರಳಿಗೆ ಹಾಕಿ ರುಬ್ಬುಬುಟ್ರಲ್ಲ!"

"ಸರ್, ಒಂದು ನಿಮಿಷ," ಎಂದಳು ಅತಿಯಾ. ಅವಳು ಬೈಯಲಿಲ್ಲ. ಅಳಲೂ ಇಲ್ಲ. ಸ್ಟೂಲು ಎಳೆದು ಸರಸಮ್ಮನನ್ನು ಕೂರಿಸಿದಳು. ಪುಸ್ತಕ ತೆರೆದು, ಯಾವ ದಿನ, ಯಾವ ಡಬ್ಬಿ, ಎಷ್ಟು ಎಲೆ, ಎಳೆಯದೋ ಬಲಿತದ್ದೋ, ಎಷ್ಟು ಹೊತ್ತು ಬಿಸಿ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡಳು. ಡಾಕ್ಟರು ಕಾಯಿಲೆಯವರನ್ನು ಕೇಳುವ ಹಾಗೆ, ನಿಧಾನವಾಗಿ, ಒಂದಿಷ್ಟೂ ದೂರದೆ. ಆಮೇಲೆ, "ನೋಡೇಬಿಡೋಣ," ಎಂದು ಎದ್ದಳು.

ಬಿಳಿಪುಡಿ ಬಳಿದ ಒಂದು ಗಾಜಿನ ಪಟ್ಟಿ ತಂದಳು. ಕೂದಲಿನಂಥ ನಳಿಗೆಯಲ್ಲಿ ಮೂರು ಚುಕ್ಕಿ ಇಟ್ಟಳು: ಕೆಂಪು ಮುಚ್ಚಳದ್ದು, ಒಡೆಯದ ಬಿಳಿಯದು, ಸರಸಮ್ಮ ಕಲಸಿದ ಬಿಳಿಯದು. ಪಟ್ಟಿಯನ್ನು ಒಂದಿಷ್ಟು ದ್ರಾವಣವಿದ್ದ ಜಾಡಿಯಲ್ಲಿ ನಿಲ್ಲಿಸಿ ಮುಚ್ಚಿದಳು. ಬತ್ತಿಗೆ ಎಣ್ಣೆ ಏರುವ ಹಾಗೆ ದ್ರಾವಣ ಪಟ್ಟಿಯ ಮೇಲೆ ಏರಿತು. ಏರುತ್ತ ಏರುತ್ತ ಚುಕ್ಕಿಯೊಳಗಿನ ಅಂಶಗಳನ್ನೂ ಬಿಡಿಸಿ ಹೊತ್ತುಕೊಂಡು ಹೋಗಿ, ಒಂದೊಂದನ್ನು ಒಂದೊಂದು ಎತ್ತರದಲ್ಲಿ ಇಳಿಸಿತು. ಅತಿಯಾ ಅದನ್ನು ಕತ್ತಲೆಪೆಟ್ಟಿಗೆಯಲ್ಲಿ ನೀಲಿ ಬೆಳಕಿಗೆ ಹಿಡಿದು ಸರಸಮ್ಮನನ್ನು ಕರೆದಳು.

"ಬಗ್ಗಿ ನೋಡಿ ಅಮ್ಮ."

ಕೆಂಪು ಮುಚ್ಚಳದ ಸಾಲಿನಲ್ಲಿ ಐದು ಚುಕ್ಕಿ ಹೊಳೆಯುತ್ತಿದ್ದವು. ಒಡೆಯದ ಡಬ್ಬಿಯ ಸಾಲಿನಲ್ಲಿ ಆ ಐದರಲ್ಲಿ ಒಂದೂ ಇಲ್ಲ. ಸರಸಮ್ಮನ ಸಾಲಿನಲ್ಲಿ ಐದಕ್ಕೆ ಐದೂ ಇದ್ದವು, ಕೆಂಪಿನದಕ್ಕಿಂತ ಒಂದು ಕೈ ಗಾಢವಾಗಿ.

"ಇದೇ ನಿಮ್ಮ ಎಲೆ," ಎಂದಳು ಅತಿಯಾ. "ನೀವು ಮೂಗಲ್ಲಿ ಕಂಡಿದ್ದನ್ನ ನಾನು ಇಲ್ಲಿ ಕಾಣ್ತೀನಿ."

ಸರಸಮ್ಮ ಬಹಳ ಹೊತ್ತು ಬಗ್ಗಿಯೇ ಇದ್ದಳು. ಹುಟ್ಟಿದಾಗಿನಿಂದ ತುಳಿದು ಓಡಾಡಿದ ಬೇಲಿಯ ಎಲೆಯೊಳಗೆ ಇಂಥ ದೀಪಗಳು ಉರಿಯುತ್ತಿದ್ದವೇ? ಇದನ್ನು ಹೊರಗೆಳೆದು ಸಾಲಾಗಿ ನಿಲ್ಲಿಸುವುದಕ್ಕೆ ಈ ಹುಡುಗಿ ಎಷ್ಟು ವರ್ಷ ಕಣ್ಣು ಸವೆಸಿರಬೇಕು!

"ಅಂದ್ರೆ ಮೇಡಂ," ಎಂದ ಅನಂತರಾಜು, ಈಗ ಸ್ವರ ಇಳಿಸಿ, "ಎಲೇನ ಎಲೆ ಜೊತೇಗೇ ಹೋಲಿಸ್ಕಂಡು ಕೂತಿದ್ವಿ."

"ಹೂಂ. ಈ ಪರೀಕ್ಷೆ ಲೆಕ್ಕಕ್ಕಿಲ್ಲ. ಎಲೆ ಗೆದ್ದೂ ಇಲ್ಲ, ಸೋತೂ ಇಲ್ಲ. ಗೈಡ್‌ಗೆ ಇವತ್ತೇ ಬರೀತೀನಿ. ಇನ್ನೊಂದು ವರ್ಷ ಕೇಳ್ಕೋಬೇಕು."

"ಕೊಡ್ತಾರಾ?"

"ಕೇಳದೆ ಹೇಗೆ ಗೊತ್ತಾಗುತ್ತೆ?" ಎಂದು ಅತಿಯಾ ಸರಸಮ್ಮನ ಕಡೆ ತಿರುಗಿದಳು. "ತಪ್ಪು ನಂದೂ ಇದೆ ಅಮ್ಮ. ಕಣ್ಣಿಗೆ ಮರೆ ಮಾಡಿದೆ, ಮೂಗನ್ನ ಮರೆತೆ. ಮುಂದಿನ ಮಳೆಗಾಲಕ್ಕೆ ಮತ್ತೆ ಮಾಡಬೇಕು. ಹನ್ನೆರಡು ಕುರಿಗೆ ಎಲೆ ಹಚ್ಚದೆ ಬಿಡ್ತೀರಾ? ಖಂಡಿತ?"

ಹೂಂ ಅಂದುಬಿಡುವುದು ಸುಲಭವಿತ್ತು. ಸರಸಮ್ಮ ತನ್ನ ಕೈಯನ್ನೇ ನೋಡಿಕೊಂಡಳು.

"ಇಲ್ಲ ಕಣವ್ವ. ಸುಳ್ಳು ಹೇಳಾಕಿಲ್ಲ. ಕಣ್ಮುಂದೆ ಒಂದು ಕುರಿ ವಾಸಿ ಆಯ್ತಾ ಇದ್ದು ಇನ್ನೊಂದು ನರಳ್ತಾ ಇದ್ರೆ ನನ್ ಕೈ ಸುಮ್ನಿರಾಕಿಲ್ಲ. ಬೇರೆ ಮನೆ ನೋಡ್ಕೊ."

ಹೊರಗೆ ಕಾಲೇಜಿನ ಬೆಲ್ಲು ಹೊಡೆಯಿತು. ಆಮೇಲೆ ಸರಸಮ್ಮನೇ, ಕೇಳಲೋ ಬೇಡವೋ ಎಂಬಂತೆ, "ಅಲ್ಲವ್ವ, ಕುರಿ ಕುಕ್ಕರಿಸೋದು ಎರಡು ಮಂಡೀಲಿ ಅಲ್ವಾ? ಗಾಯಾನೂ ಎರಡಕ್ಕೂ ಆಯ್ತದೆ. ಒಂದು ಮಂಡಿಗೆ ಎಲೆದು, ಇನ್ನೊಂದು ಮಂಡಿಗೆ ಬರೀ ಎಣ್ಣೆದು ಹಚ್ಚುದ್ರೆ? ಯಾವ ಕುರಿಗೂ ಮದ್ದಿಲ್ಲ ಅಂತ ಆಗಾಕಿಲ್ಲ. ನನ್ ಜೀವಕ್ಕೂ ಒಸಿ ಸಮಾಧಾನ," ಎಂದಳು.

ಅತಿಯಾ ಕೈಯೊರೆಸುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತಳು.

"ಸರ್," ಎಂದಳು ಮೆಲ್ಲಗೆ, "ಅದೇ ಕುರಿ, ಅದೇ ವಯಸ್ಸು, ಅದೇ ಮೇವು, ಅದೇ ನೆಲ. ಕುರಿ ಕುರಿಗೂ ಇರೋ ವ್ಯತ್ಯಾಸ ಎಲ್ಲ ಹೋಯ್ತು. ಇದು ನಾವು ಮಾಡಿದ್ದಕ್ಕಿಂತ ಒಳ್ಳೇ ಪರೀಕ್ಷೆ."

"ನಾವು ಮೂರ್ ಜನ ಪುಸ್ತಕ ಓದಿದ್ದೇ ಬಂತು," ಎಂದ ಅನಂತರಾಜು. "ಅಕ್ಕಾ, ನಿಮ್ಗೆ ಕಾಫಿ ತರಿಸ್ಲೋ, ಡಾಕ್ಟರೇಟ್ ತರಿಸ್ಲೋ?"

"ಕಾಫಿ ಸಾಕು ಮೇಷ್ಟ್ರೇ. ಸಕ್ರೆ ಕಮ್ಮಿ."

ಯೂನಿವರ್ಸಿಟಿ ದಂಡ ಕಟ್ಟಿಸಿಕೊಂಡು ಒಂದು ವರ್ಷ ಕೊಟ್ಟಿತು. ಮರುವರ್ಷದ ಮಳೆಗಾಲದಲ್ಲಿ ಅತಿಯಾ ಸರಸಮ್ಮನಿಂದ ಯಾವುದನ್ನೂ ಬಚ್ಚಿಡಲಿಲ್ಲ. ಈ ಸಲದ ಇಪ್ಪತ್ತನಾಲ್ಕು ಕುರಿಗಳಲ್ಲಿ ಪ್ರತಿಯೊಂದಕ್ಕೂ ಚೀಟಿ ಎತ್ತಿ, ಎಡಕ್ಕೆ ಯಾವುದು, ಬಲಕ್ಕೆ ಯಾವುದು ಎಂದು ಅವಳೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಳು. ಗೊತ್ತಿರಬಾರದವಳು ಈಗ ಲತಾಮಣಿ. ಅವಳು ಬರುವ ಮೊದಲು ಗಾಯವನ್ನು ಉಪ್ಪುನೀರಿನಲ್ಲಿ ವಾಸನೆ ಹೋಗುವಂತೆ ತೊಳೆದು ಒರೆಸುವುದು, ಅವಳ ಎದುರು ಬಾಯಿ ಬಿಡದಿರುವುದು. ಕೀವು ಕಂಡರೆ ಪರೀಕ್ಷೆ ಅತ್ತ ಇರಲಿ, ಮೊದಲು ದನದ ಡಾಕ್ಟರಿಗೆ ಫೋನು ಎಂದು ಅತಿಯಾ ಮೂರು ಸಲ ಹೇಳಿದ್ದಳು.

ಬಾಯಿ ಕಟ್ಟುವುದಕ್ಕಿಂತ ಕೈ ಕಟ್ಟುವುದು ಕಷ್ಟವಾಯಿತು. ಒಂಬತ್ತನೆಯ ದಿನ ಒಂದು ಮರಿಹಾಕಿದ ಕುರಿಯ ಬಲಮಂಡಿ ಒಣಗಿ ಹಕ್ಕಳೆ ಕಟ್ಟಿತ್ತು. ಎಡದ್ದು ಇನ್ನೂ ಒದ್ದೆ. ಎಡಕ್ಕೆ ಬಿಳಿ ಡಬ್ಬಿ. ಸರಸಮ್ಮನ ಕೈ ತಾನಾಗಿಯೇ ಕೆಂಪು ಮುಚ್ಚಳದ ಮೇಲೆ ಹೋಗಿತ್ತು. ಸೆರಗನ್ನು ಕೈಗೆ ಬಿಗಿಯಾಗಿ ಸುತ್ತಿಕೊಂಡು ಕಣ್ಣು ಮುಚ್ಚಿ ಕೂತಳು.

"ಏನಮ್ಮಿ, ದೆವ್ವ ಗಿವ್ವ ಬಂತಾ?" ಎಂದ ಬೀರಲಿಂಗಯ್ಯ.

"ಸುಮ್ಕಿರಿ. ನಿಜಾ ತಿಳ್ಕಳಾಕೆ ಒಸಿ ತಡ್ಕಬೇಕು."

ಎದ್ದು ಬಿಳಿ ಡಬ್ಬಿಯದನ್ನೇ ಹಚ್ಚಿದಳು. ಇಷ್ಟು ಸಣ್ಣ ವಿಷಯಕ್ಕೆ ತನಗೇ ಇಷ್ಟು ಕಷ್ಟವಾದರೆ, ನಾಲ್ಕು ವರ್ಷ ನಂಬಿದ್ದನ್ನು ಒಂದು ಮಧ್ಯಾಹ್ನ 'ಸೋತಿತು' ಎಂದು ಹೇಳಲು ಬಸ್ಸಿಳಿದು ಬಂದಿದ್ದಳಲ್ಲ, ಆ ಹುಡುಗಿಗೆ ಎಷ್ಟಾಗಿರಬೇಡ ಎಂದು ಅವಳಿಗೆ ಆವತ್ತು ಅರ್ಥವಾಯಿತು.

ಕೊನೆಯ ಅಳತೆ ಮುಗಿದ ದಿನ ಐವರೂ ದೊಡ್ಡಿಯ ಮುಂದಿನ ಚಪ್ಪಡಿಯ ಮೇಲೆ ಕೂತರು. ಲತಾಮಣಿ ತನ್ನ ಹಾಳೆಗಳಿಂದ ಒಂದೊಂದು ಕುರಿಯ ಅಳತೆ ಓದಿದಳು. ಸರಸಮ್ಮ ಬೆರಳಿಟ್ಟುಕೊಂಡು ತನ್ನ ಪುಸ್ತಕದಿಂದ, "ಎಡ ಕೆಂಪು... ಬಲ ಕೆಂಪು..." ಎಂದು ಓದಿದಳು. ಅತಿಯಾ ಗುರುತು ಹಾಕುತ್ತ ಹೋದಳು. ಕೂಡಿದಾಗ ಹತ್ತೊಂಬತ್ತು ಕುರಿಗಳಲ್ಲಿ ಎಲೆಯ ಮಂಡಿ ನಾಲ್ಕೈದು ದಿನ ಮೊದಲೇ ಮಾಗಿತ್ತು. ನಾಲ್ಕರಲ್ಲಿ ಎರಡೂ ಸಮ; ಅವು ತೀರ ಆಳದ ಗಾಯಗಳು.

"ಬಂತು ನೋಡಿ!" ಎಂದು ಅನಂತರಾಜು ತೊಡೆ ತಟ್ಟಿಕೊಂಡ. "ಮಳೆಗಾಲದ ಮೂರು ತಿಂಗ್ಳಿಗೆ ಎಷ್ಟು ಬೇಕೋ ಅಷ್ಟೇ ಕಾಯ್ಸಿ ಅಂತೀನಿ ಕೋಡಿಹಳ್ಳಿಯವ್ರಿಗೆ. ವರ್ಷಕ್ಕೆಲ್ಲ ಕಾಯ್ಸಿಟ್ರೆ ದುಡ್ಡು ಡಬ್ಬಿಯೊಳಗೇ ಕೂತು ಕೆಟ್ಟೋಯ್ತದೆ. ಬ್ಯಾಂಕ್ನೋರಿಗೂ ಈಗ ತೋರ್ಸಾಕೆ ಒಂದು ಕಾಗದ ಐತೆ."

ಲತಾಮಣಿ ಅತಿಯಾಳ ಭುಜ ಹಿಡಿದು ಅಲುಗಾಡಿಸಿದಳು. ಬೀರಲಿಂಗಯ್ಯ ಬೆಲ್ಲ ತರುತ್ತೇನೆಂದು ಒಳಗೆ ಹೋದ. ಅತಿಯಾ ಮಾತ್ರ ಹಾಳೆಯ ಮೇಲೆ ಬಗ್ಗಿಯೇ ಇದ್ದಳು.

"ಇಪ್ಪತ್ತಮೂರಾಯ್ತು," ಎಂದಳು. "ಹದಿನೇಳನೇ ಕುರಿ ತಿರುವುಮುರುವು ಇದೆ. ಎಲೆ ಹಚ್ಚಿದ ಮಂಡಿಯೇ ತಡವಾಗಿ ಮಾಗಿದೆ. ಯಾಕಮ್ಮ?"

"ಬಿಡಿ ಮೇಡಂ, ಒಂದು ತಾನೆ," ಎಂದ ಅನಂತರಾಜು.

"ಬಿಡೋಕಾಗಲ್ಲ ಸರ್. ಹೋದ ವರ್ಷ ಆದದ್ದನ್ನ ಪೂರ್ತಿ ಬರೆದಿದೀನಿ, ಇದನ್ನೂ ಬರೀಬೇಕು. ಆ ಕುರಿಗೆ ಒಗ್ಗಲಿಲ್ಲವೋ, ಎಲೇನೇ ಜಾಸ್ತಿಯಾಯ್ತೋ, ಏನೋ ಇದೆ."

ಸರಸಮ್ಮ ಅವಳನ್ನೇ ನೋಡಿದಳು. ಹತ್ತೊಂಬತ್ತು ಗೆದ್ದ ಖುಷಿಯಲ್ಲಿ ಎಲ್ಲರೂ ಇರುವಾಗ ಈ ಹುಡುಗಿಯ ಜೀವ ಒಂದು ಕುರಿಯ ಒಂದು ಮಂಡಿಯ ಮೇಲಿತ್ತು. ಮಂದೆ ಕಾಯುವವರ ಮನೆಯಲ್ಲಿ ಹುಟ್ಟಬೇಕಾಗಿದ್ದವಳು ಎನ್ನಿಸಿತು ಅವಳಿಗೆ. ಪುಸ್ತಕ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

"ಹದ್ನೇಳು ಅಂದ್ರೆ ಆ ಮೋಟುಕಿವಿದು. ಭಾರಿ ಒದೀತದೆ. ಬಾ, ನಾನು ಹಿಡ್ಕತೀನಿ, ನೀನು ನೋಡು," ಎಂದು ದೊಡ್ಡಿಯ ಬಾಗಿಲು ತೆಗೆದಳು. ಅತಿಯಾ ಚಪ್ಪಲಿ ಬಿಟ್ಟು ಹಿಂದೆಯೇ ಹೋದಳು.